ಆರು ವಾರಕ್ಕೊಂದು ಗುರುವಾರ

ದೀಪಾವಳಿಗೆ ಮುಂಚೆಯೇ ಹೊಲಿದುಕೊಡುವೆನೆಂದ ದರ್ಜಿಯ ಮಾತನ್ನು ನಂಬಿ, ಹಬ್ಬದ ಬೆಳಗ್ಗೆ ಮಕ್ಕಳಿಗೆ ಹಳೆಯ ಅಂಗಿಯನ್ನೇ ತೊಡಿಸಿದ ಮನೆಗಳು ಯಾವ ಪೇಟೆಯಲ್ಲಿ ಇಲ್ಲ? ಅಕ್ಕಸಾಲಿಯ 'ನಾಳೆ', ಬಡಗಿಯ 'ಬರುವ ಸೋಮವಾರ', ನಲ್ಲಿ ರಿಪೇರಿಯವನ 'ಇನ್ನರ್ಧ ಗಂಟೆ'—ಇವೆಲ್ಲ ಯಾವ ಪಂಚಾಂಗಕ್ಕೂ ಸಿಕ್ಕದ ತಿಥಿಗಳು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರ ಲೋಕವೂ ಈ ವಿಷಯದಲ್ಲಿ ದರ್ಜಿಯ ಅಂಗಡಿಗಿಂತ ಒಂದು ಮೆಟ್ಟಿಲೂ ಮೇಲಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಯದಿರುವುದು ಆ ಕಸುಬಿನ ಕುಲಧರ್ಮವೇನೋ ಎಂಬಷ್ಟು ಸಹಜವಾಗಿಬಿಟ್ಟಿದೆ. ಅಂಥ ಲೋಕದಲ್ಲಿ ಒಂದು ಗುಂಪು, ಅದರಲ್ಲೂ ಹಲವು ಜನ ಸಂಬಳವಿಲ್ಲದೆ ದುಡಿಯುವ ಗುಂಪು, ಕೊಟ್ಟ ಮಾತಿನ ದಿನವನ್ನು ಹತ್ತು ವರ್ಷ ಒಂದೇ ಸಮನೆ ಉಳಿಸಿಕೊಂಡು ಬಂದಿತೆಂದರೆ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ತಪ್ಪಾಗಲಾರದು.

2025ರ ಮೇ 15, ಗುರುವಾರ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದಲ್ಲಿ ದೇಶದೇಶಗಳಿಂದ ಬಂದವರು ಒಂದು ಸಭೆ ಸೇರಿದ್ದರು. 'ರಸ್ಟ್' ಎಂಬ ಪ್ರೋಗ್ರಾಮಿಂಗ್ ಭಾಷೆಯ 1.0 ಆವೃತ್ತಿ ಹೊರಬಂದು ಅಂದಿಗೆ ಸರಿಯಾಗಿ ಹತ್ತು ವರ್ಷ. ಅದೇ ಸಭೆಯಲ್ಲಿ, ನೆರೆದವರ ಕಣ್ಣೆದುರಿನಲ್ಲಿ, ಆ ಭಾಷೆಯ ಕಂಪೈಲರಿನ 1.87 ಆವೃತ್ತಿಯನ್ನು ಬಿಡುಗಡೆ ಮಾಡಿದರು. ಹುಟ್ಟುಹಬ್ಬಕ್ಕೆಂದು ಮುಹೂರ್ತ ನೋಡಿ ಇಟ್ಟ ಬಿಡುಗಡೆ ಇದೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಆರು ವಾರಕ್ಕೊಂದು ಆವೃತ್ತಿ ಎಂಬುದು ಅವರ ಕಟ್ಟಳೆ. 87ನ್ನು 6ರಿಂದ ಗುಣಿಸಿದರೆ 522 ವಾರ. ಅಂದರೆ 3654 ದಿನ. 2015ರ ಮೇ 15ರಿಂದ 2025ರ ಮೇ 15ಕ್ಕೆ ನಿಜವಾಗಿ ಕಳೆದ ದಿನಗಳು 3653. ಆ ಒಂದು ದಿನದ ವ್ಯತ್ಯಾಸಕ್ಕೂ ಲೆಕ್ಕವಿದೆ: ಮೊದಲ ಆವೃತ್ತಿ ಶುಕ್ರವಾರ ಬಂದಿತ್ತು, ಆಮೇಲಿನ ಸರದಿ ಗುರುವಾರಕ್ಕೆ ನಿಂತಿತು. ಮಗ್ಗಿ ಬಲ್ಲ ಹುಡುಗನೊಬ್ಬ 2015ರಲ್ಲೇ ಕುಳಿತು ಬೆರಳೆಣಿಸಿದ್ದರೆ ಉಟ್ರೆಕ್ಟಿನ ಗುರುವಾರವನ್ನು ಅಂದೇ ಹೇಳಿಬಿಡಬಹುದಾಗಿತ್ತು.

ಕಂಪೈಲರ್ ಎಂಬ ಈ ವಸ್ತುವನ್ನು ಕಣ್ಣಿಂದ ಕಂಡವರಿಲ್ಲ. ಆದರೂ ಕೈಯಲ್ಲಿರುವ ಫೋನು, ಬ್ಯಾಂಕಿನ ಯಂತ್ರ, ರೈಲ್ವೆ ಟಿಕೆಟ್ಟು—ಇವುಗಳ ಹಿಂದೆಲ್ಲ ಎಲ್ಲೋ ಒಂದು ಕಂಪೈಲರ್ ದುಡಿದಿರುತ್ತದೆ. ಮನುಷ್ಯ ತನಗೆ ಓದಲು ಬರುವ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾನೆ. ಯಂತ್ರಕ್ಕೆ ಅದು ತಿಳಿಯದು. ಮೊದಲನೆಯದನ್ನು ಓದಿ, ವ್ಯಾಕರಣ ಸರಿಯಿದೆಯೆ ಎಂದು ಪರೀಕ್ಷಿಸಿ, ಯಂತ್ರ ನಡೆಸಬಲ್ಲ ಆಜ್ಞೆಗಳಾಗಿ ಭಾಷಾಂತರಿಸಿ ಕೊಡುವ ದುಭಾಷಿಯೇ ಕಂಪೈಲರ್. ದುಭಾಷಿಗಳಲ್ಲಿ ಎರಡು ಬಗೆ. ಹೇಳಿದ್ದನ್ನು ಹೇಳಿದಂತೆ ದಾಟಿಸಿ ಕೈತೊಳೆದುಕೊಳ್ಳುವವನು ಒಬ್ಬ. 'ಸ್ವಾಮಿ, ಈ ಮಾತಿನಲ್ಲಿ ಏನೋ ಎಡವಟ್ಟಿದೆ, ಹೀಗೆಯೇ ಹೇಳಲೆ?' ಎಂದು ತಡೆದು ಕೇಳುವವನು ಇನ್ನೊಬ್ಬ.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ಮಹಾಶಯರು ರೂಪಿಸಿದ 'ಸಿ' ಭಾಷೆಯ ಕಂಪೈಲರು ಬಹುಮಟ್ಟಿಗೆ ಮೊದಲ ಬಗೆಯದು. ಬರೆದವನನ್ನು ಅದು ಪೂರ್ತಿಯಾಗಿ ನಂಬುತ್ತದೆ. ಜಗತ್ತಿನ ಬಹುಪಾಲು ಗಣಕಗಳ ಬುನಾದಿಯೇ ಆ ಭಾಷೆಯಲ್ಲಿದೆಯಾದ್ದರಿಂದ ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ನಂಬಿಕೆಗೂ ಬೆಲೆ ತೆರಬೇಕಾಗುತ್ತದೆ. 2014ರ ಏಪ್ರಿಲಿನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ಎಂಬ ದೋಷವನ್ನು ನೋಡಿ. ಅಂತರಜಾಲದ ಅಸಂಖ್ಯ ತಾಣಗಳಿಗೆ ಬೀಗ ಹಾಕುತ್ತಿದ್ದ ಒಂದು ಪ್ರೋಗ್ರಾಂ ಅದು. 'ನಾನು ಕಳಿಸಿದ ಮಾತನ್ನು ತಿರುಗಿ ಹೇಳು, ಅದರ ಉದ್ದ ಇಷ್ಟಕ್ಷರ' ಎಂದರೆ ಅದು ಹೇಳುತ್ತಿತ್ತು. ಯಾರೋ ಚುಟುಕು ಮಾತೊಂದನ್ನು ಕಳಿಸಿ, 'ಇದರ ಉದ್ದ 64 ಸಾವಿರ ಅಕ್ಷರ' ಎಂದು ಸುಳ್ಳು ಹೇಳಿದರೆ? ಪಾಪ, ಅದು ಅಳೆದು ನೋಡದೆ, ಪಕ್ಕದ ನೆನಪಿನ ಕೋಣೆಗಳಲ್ಲಿದ್ದ ಅನ್ಯರ ಗುಟ್ಟಿನ ಪದಗಳನ್ನೂ ಸೇರಿಸಿ ಅಷ್ಟುದ್ದ ಒಪ್ಪಿಸಿಬಿಡುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯವರು 2019ರಲ್ಲಿ ತಮ್ಮ ಮನೆಯ ಲೆಕ್ಕವನ್ನೇ ಬಿಚ್ಚಿಟ್ಟರು: ವರ್ಷವರ್ಷವೂ ತಾವು ಸರಿಪಡಿಸುವ ಭದ್ರತೆಯ ಲೋಪಗಳಲ್ಲಿ ಸುಮಾರು ನೂರಕ್ಕೆ 70 ಈ ನೆನಪಿನ ಅಚಾತುರ್ಯದ ಜಾತಿಯವೇ.

ರಸ್ಟ್ ಹುಟ್ಟಿದ ಕಥೆಯಾದರೋ ಮೆಟ್ಟಿಲು ಹತ್ತಿ ಬೇಸತ್ತ ಕಥೆ. 2006ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಗ್ರೇಡನ್ ಹೋರ್ ಎಂಬ ತರುಣ ಮನೆಗೆ ಹಿಂದಿರುಗಿದಾಗ ಲಿಫ್ಟು ಕೆಟ್ಟು ನಿಂತಿತ್ತು. ಕೆಟ್ಟದ್ದು ಸರಪಳಿಯಲ್ಲ, ಚಕ್ರವಲ್ಲ; ಅದನ್ನು ನಡೆಸುವ ಪ್ರೋಗ್ರಾಂ. ಅದೇನು ಮೊದಲ ಸಲವೂ ಆಗಿರಲಿಲ್ಲ. ಆತನ ಮನೆ ಇದ್ದುದು 21ನೆಯ ಅಂತಸ್ತಿನಲ್ಲಿ. ಕಂಪ್ಯೂಟರ್ ಬಲ್ಲವರೆನಿಸಿಕೊಂಡವರು ಒಂದು ಲಿಫ್ಟನ್ನೂ ನೆಟ್ಟಗೆ ನಡೆಸಲಾರರೆ ಎಂದು ಕೊರಗುತ್ತ ಅಷ್ಟೂ ಮೆಟ್ಟಿಲು ಹತ್ತಿದ ಆತ, ಇಂಥ ತಪ್ಪನ್ನು ಬರೆಯುವಾಗಲೇ ಹಿಡಿದು ನಿಲ್ಲಿಸುವ ಭಾಷೆಯೊಂದನ್ನು ತನ್ನ ಬಿಡುವಿನ ವೇಳೆಯಲ್ಲಿ ಕಟ್ಟತೊಡಗಿದ. ಮೊಜಿಲ್ಲ ಸಂಸ್ಥೆ ಕೆಲವು ವರ್ಷಗಳ ಮೇಲೆ ಆ ಕೂಸನ್ನು ಮಡಿಲಿಗೆ ತೆಗೆದುಕೊಂಡಿತು. ಭಾಷೆಗೆ ಆತ ಇಟ್ಟ ಹೆಸರು ಗಿಡಗಳಿಗೆ ತಗಲುವ ತುಕ್ಕಿನದು, ಕಬ್ಬಿಣದ ತುಕ್ಕಿನದಲ್ಲ. ಸಿಂಹಳದ ಕಾಫಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಿರ್ನಾಮಮಾಡಿ ಕೊಡಗಿನ ತೋಟಗಳನ್ನೂ ಕಾಡಿದ ಎಲೆತುಕ್ಕು ಆ ಬೂಷ್ಟಿನ ವಂಶದ್ದೇ. ಏನು ಮಾಡಿದರೂ ಸಾಯದೆ ಬದುಕಿಕೊಳ್ಳುವ ಅದರ ಹಠ ಆತನಿಗೆ ಮೆಚ್ಚುಗೆಯಾಗಿತ್ತಂತೆ. ಕಾಫಿ ಬೆಳೆಯುವವರು ಮಗುವಿಗೆ ಇಂಥ ಹೆಸರಿಡುತ್ತಿರಲಿಲ್ಲವೆಂಬುದು ಬೇರೆ ಮಾತು.

ಈ ಭಾಷೆಯ ಮುಖ್ಯ ಸೂತ್ರ ಒಡೆತನ ಮತ್ತು ಎರವಲು. ಮನೆಗೆ ವಾರಪತ್ರಿಕೆ ಬಂದ ದಿನವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಪತ್ರಿಕೆ ಒಂದೇ, ಒಡೆಯರೂ ಒಬ್ಬರೇ—ಚಂದಾ ಕಟ್ಟಿದ ಯಜಮಾನರು ಎನ್ನೋಣ. ಧಾರಾವಾಹಿಯ ಪುಟವನ್ನು ಅಜ್ಜಿ, ಸೊಸೆ, ಮಗಳು ಒಟ್ಟಿಗೆ ತಲೆಯಿಟ್ಟು ಓದಲಿ. ಎಷ್ಟು ಜನ ನೋಡಿದರೂ ಪತ್ರಿಕೆ ಸವೆಯದು. ಆದರೆ ಮಗರಾಯ ಪೆನ್ಸಿಲು ಹಿಡಿದು ಪದಬಂಧ ತುಂಬಲು ಕುಳಿತನೋ, ಅವನು ಏಳುವತನಕ ಮತ್ತೊಬ್ಬರು ಅದರತ್ತ ಕಣ್ಣೂ ಹಾಕಕೂಡದು. ಒಬ್ಬ ತಿದ್ದುತ್ತಿರುವಾಗ ಇನ್ನೊಬ್ಬ ಓದಿದರೆ ಓದಿದ್ದು ಯಾವುದು, ತಿದ್ದಿದ್ದು ಯಾವುದು? ಇನ್ನು, ಅಡಿಗೆಯ ಪುಟವನ್ನು ಸಂಜೆಗೆ ನೋಡುತ್ತೇನೆಂದು ಗೃಹಿಣಿ ಹೇಳಿಟ್ಟಿರುವಾಗಲೇ ಯಜಮಾನರು ಅದನ್ನು ಹಳೆಯ ಪೇಪರಿನವನ ತಕ್ಕಡಿಗೆ ಹಾಕಿಬಿಟ್ಟರೆಂದುಕೊಳ್ಳಿ. ಸಿ ಭಾಷೆಯ ಮನೆಯಲ್ಲಿ ಆಕೆ ಸಂಜೆ ಅದೇ ಗೂಡಿಗೆ ಕೈಹಾಕುತ್ತಾಳೆ. ಅಲ್ಲೀಗ ಹಾಲಿನವನ ಲೆಕ್ಕದ ಚೀಟಿ ಇದೆ. ಅದನ್ನೇ ಪಾಕವಿಧಾನವೆಂದು ಓದಿ ಒಲೆ ಹೊತ್ತಿಸುತ್ತಾಳೆ. ಮನೆಮಂದಿಯ ಹೊಟ್ಟೆಯ ಗತಿಯನ್ನು ಹೇಳಬೇಕಾಗಿಲ್ಲ. ರಸ್ಟ್ ಕಂಪೈಲರು ಯಜಮಾನರ ಕೈಯನ್ನು ತಕ್ಕಡಿಯ ಬಳಿಯಲ್ಲೇ ಹಿಡಿಯುತ್ತದೆ. 'ಎರವಲು ಪಡೆದವರು ಇನ್ನೂ ಇದ್ದಾರೆ, ಕೊಡಲಾಗದು.' ಪ್ರೋಗ್ರಾಂ ಓಡುವುದಕ್ಕೆ ಮುಂಚೆಯೇ, ಬರೆವಣಿಗೆಯನ್ನು ಓದಿದಷ್ಟರಿಂದಲೇ ಇದೆಲ್ಲವನ್ನೂ ಅದು ಕಂಡುಹಿಡಿಯುತ್ತದೆ.

ಇಷ್ಟು ಕಟ್ಟುನಿಟ್ಟಿನ ಮೇಷ್ಟರನ್ನು ಹುಡುಗರು ಪ್ರೀತಿಸುವುದುಂಟೆ? ಮೊದಮೊದಲು ಗೊಣಗಿದವರೇ ಹೆಚ್ಚು. ಕಂಪೈಲರಿನೊಡನೆ ಹೋರಾಡಿ ಸೋತೆವೆಂದು ಹೇಳಿಕೊಳ್ಳುವುದು ರಸ್ಟ್ ಕಲಿಯುವವರಲ್ಲಿ ಒಂದು ದೀಕ್ಷೆಯಂತೆಯೇ ಆಗಿತ್ತು. 2016ರ ಸೆಪ್ಟೆಂಬರಿನಲ್ಲಿ ಬಂದ 1.12 ಆವೃತ್ತಿಯಲ್ಲಿ ತಪ್ಪು ತೋರಿಸುವ ರೀತಿಯನ್ನೇ ಬದಲಿಸಿದರು. ತಪ್ಪಿದ ಸಾಲನ್ನು ಬರೆದವನದೇ ಅಕ್ಷರಗಳಲ್ಲಿ ಮುಂದಿಟ್ಟು, ತಪ್ಪಿದ ಪದದ ಕೆಳಗೆ ಗೆರೆಯೆಳೆದು, 'ಇದನ್ನು ಇಲ್ಲಿ ಕೊಟ್ಟುಬಿಟ್ಟಿರಿ, ಇಲ್ಲಿ ಮತ್ತೆ ಕೇಳುತ್ತಿದ್ದೀರಿ' ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದು, ಎಷ್ಟೋ ಕಡೆ ತಿದ್ದುಪಡಿಯನ್ನೂ ತಾನೇ ಸೂಚಿಸುವ ಕ್ರಮ ಬೆಳೆಯಿತು. ಉತ್ತರಪತ್ರಿಕೆಗೆ ಅಡ್ಡಗೆರೆ ಹೊಡೆದು ಸೊನ್ನೆ ಸುತ್ತುವ ಉಪಾಧ್ಯಾಯರಿಗೂ, ಅಂಚಿನಲ್ಲಿ ಎರಡು ಸಾಲು ಬರೆಯುವ ಉಪಾಧ್ಯಾಯರಿಗೂ ಇರುವ ಅಂತರ ಶಾಲೆಗೆ ಹೋದವರಿಗೆಲ್ಲ ಗೊತ್ತಿದೆ.

ಬಿಡುಗಡೆಯ ಮಾತಿಗೆ ಬರೋಣ. ಈ ಕಂಪೈಲರನ್ನು ಬರೆದಿರುವುದು ರಸ್ಟ್ ಭಾಷೆಯಲ್ಲೇ. ಹಾಗಿದ್ದರೆ ಅದನ್ನು ಭಾಷಾಂತರಿಸಲು ಮೊದಲೇ ಒಂದು ರಸ್ಟ್ ಕಂಪೈಲರ್ ಬೇಡವೆ? ಬೇಕು. ಮೊಸರಿಗೆ ಹೆಪ್ಪು ಬೇಕು, ಹೆಪ್ಪೆಂದರೆ ನಿನ್ನೆಯ ಮೊಸರು. ಮೊಟ್ಟಮೊದಲ ಹೆಪ್ಪನ್ನು ನೆರೆಮನೆಯಿಂದ ತರಬೇಕಾಯಿತು: ಹೋರ್ ಬರೆದ ಮೊದಲ ಕಂಪೈಲರು 'ಓಕ್ಯಾಮಲ್' ಎಂಬ ಬೇರೊಂದು ಭಾಷೆಯಲ್ಲಿತ್ತು. 2011ರಲ್ಲಿ ರಸ್ಟ್ ತನ್ನನ್ನು ತಾನೇ ಹೆಪ್ಪುಗಟ್ಟಿಸಿಕೊಂಡಿತು. ಅಂದಿನಿಂದ ಹೊಸ ಕಂಪೈಲರಿಗೆ ಹಿಂದಿನದೇ ಹೆಪ್ಪು, 1.87ನ್ನು ಸಿದ್ಧಪಡಿಸಲು 1.86. ಒಂದು ದಿನ ಹೆಪ್ಪು ಕೆಟ್ಟರೆ ಮರುದಿನದ ಮೊಸರೂ ಕೆಟ್ಟಿತು. ಆದ್ದರಿಂದ ಇಲ್ಲಿ ಬಿಡುಗಡೆಯೆಂಬುದು ಅಂಗಡಿಯ ಗಾಜಿನಲ್ಲಿ ಹೊಸ ಸೀರೆ ತೂಗುಹಾಕಿದಷ್ಟು ಹಗುರವಾದ ಕೆಲಸವಾಗಿರಲಾರದು.

ಕ್ರಮ ಹೀಗೆ. ಸಾವಿರಾರು ಜನ ಬರೆದು ಕಳಿಸಿದ ತಿದ್ದುಪಡಿಗಳಲ್ಲಿ ಪರೀಕ್ಷೆಗಳಲ್ಲಿ ತೇರ್ಗಡೆಯಾದುವನ್ನು ಮಾತ್ರ ಸೇರಿಸಿ ಪ್ರತಿ ರಾತ್ರಿಯೂ ಒಂದು ಕರಡು ಸಿದ್ಧವಾಗುತ್ತದೆ. ಆರು ವಾರಕ್ಕೊಮ್ಮೆ ಅಂದಿನ ಕರಡನ್ನು ಬೇರೆ ತೆಗೆದಿಟ್ಟು, 'ಬೀಟಾ' ಎಂಬ ಹೆಸರಿನಲ್ಲಿ ಇನ್ನಾರು ವಾರ ಪರೀಕ್ಷೆಗೆ ಬಿಡುತ್ತಾರೆ. ಅಷ್ಟೂ ಕಳೆದ ಮೇಲೆ ಅದೇ ಪಕ್ಕಾ ಪ್ರತಿ. ಅವರ ಬಾಯಲ್ಲಿ ಇದಕ್ಕೆ ರೈಲಿನ ಹೆಸರು. ಯಾವ ಹೊಸ ಸೌಲಭ್ಯಕ್ಕಾಗಿಯೂ ರೈಲು ಕಾಯುವುದಿಲ್ಲ. ಎಂಥ ದೊಡ್ಡ ಪ್ರಯಾಣಿಕನಾದರೂ ಸಿದ್ಧನಾಗಿರದಿದ್ದರೆ ಮುಂದಿನದಕ್ಕೆ ಬರಲಿ. ಆರೇ ವಾರ ಕಾದರೆ ಇನ್ನೊಂದು ರೈಲಿರುವುದರಿಂದ, ಅರೆಬೆಂದದ್ದನ್ನು ಹೇಗಾದರೂ ತುರುಕಿಬಿಡೋಣವೆಂಬ ಆತುರವೂ ಇರುವುದಿಲ್ಲ. ವರ್ಷಕ್ಕೊಂದೇ ರೈಲಿರುವ ಊರಿನ ನಿಲ್ದಾಣದಲ್ಲಿ ನಡೆಯುವ ನೂಕುನುಗ್ಗಲನ್ನು ಊಹಿಸಿಕೊಂಡರೆ ಈ ಏರ್ಪಾಟಿನ ಜಾಣತನ ತಿಳಿಯುತ್ತದೆ.

ಆದರೆ ದಿನ ತಪ್ಪದೆ ಬರುವುದಷ್ಟೇ ಅವರು ಕೊಟ್ಟ ಮಾತಾಗಿರಲಿಲ್ಲ. 2014ರ ಅಕ್ಟೋಬರಿನಲ್ಲಿ, ಮೊದಲ ಆವೃತ್ತಿಗೆ ಏಳು ತಿಂಗಳ ಮುಂಚೆಯೇ, ಅದಕ್ಕಿಂತ ಬಿಗಿಯಾದ ಇನ್ನೊಂದು ಮಾತನ್ನು ಕೊಟ್ಟಿದ್ದರು: ಹೊಸ ಕಂಪೈಲರಿಗೆ ಬದಲಾಯಿಸಿಕೊಳ್ಳುವುದು ಯಾರಿಗೂ ನೋವಾಗಕೂಡದು, ಇಂದು ನಡೆಯುವ ಪ್ರೋಗ್ರಾಂ ನಾಳೆಯೂ ನಡೆಯಬೇಕು. ಬೆಳೆಯುತ್ತಲೇ ಇರಬೇಕು, ಹಳತನ್ನೂ ಕೆಡಿಸಬಾರದು—ಇದು ಜೀವಂತ ಭಾಷೆಗಳಿಗೇ ದಕ್ಕದ ಭಾಗ್ಯ. ಕನ್ನಡದಿಂದ ಱ, ೞ ಅಕ್ಷರಗಳು ಜಾರಿಹೋಗಿ ಎಷ್ಟು ಶತಮಾನವಾಯಿತು! ಇಂದಿನ ಓದುಗ ಪಂಪನ ಮುಂದೆ ಕುಳಿತರೆ ಪಕ್ಕದಲ್ಲಿ ನಿಘಂಟೋ ಗುರುವೋ ಬೇಕು. ರಸ್ಟ್‌ನವರು ಇದಕ್ಕೊಂದು ಉಪಾಯ ಹೂಡಿದರು. ಸುಮಾರು ಮೂರು ವರ್ಷಕ್ಕೊಮ್ಮೆ ಭಾಷೆಯ ಒಂದು 'ಎಡಿಷನ್': 2015, 2018, 2021, 2024. ಬರೆಯುವವನು ತನ್ನ ಬರೆಹ ಯಾವ ಎಡಿಷನ್ನಿನದೆಂದು ಮೊದಲೇ ಸೂಚಿಸಿಟ್ಟರೆ ಸಾಕು. 'ಅಸಿಂಕ್' ಎಂಬ ಪದ 2018ರ ಎಡಿಷನ್ನಿನಿಂದ ವ್ಯಾಕರಣಕ್ಕೆ ಮೀಸಲಾಯಿತು. ಆದರೆ 2015ರ ಬರೆಹದಲ್ಲಿ ಅದನ್ನು ಸಾಮಾನ್ಯ ಹೆಸರಾಗಿ ಬಳಸಿದ್ದವನಿಗೆ ಯಾವ ತೊಂದರೆಯೂ ಇಲ್ಲ. ಒಂದೇ ಕಂಪೈಲರು ಎಲ್ಲ ಎಡಿಷನ್ನುಗಳನ್ನೂ ಓದುತ್ತದೆ, ಹಳತು ಹೊಸತುಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಹೊಂದಿಸಿ ಕೊಡುತ್ತದೆ. ಹಳಗನ್ನಡದ ತಾತನೂ ಹೊಸಗನ್ನಡದ ಮೊಮ್ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಮಾತಾಡಿಕೊಂಡು ಉಂಡಂತೆ.

ಮಾತು ಕೊಟ್ಟವರು ಪರೀಕ್ಷಿಸಿಯೂ ನೋಡುತ್ತಾರೆ. 'ಕ್ರೇಟರ್' ಎಂಬ ಸಾಧನವೊಂದಿದೆ. ಜಗತ್ತಿನವರು ಬರೆದು ಸಾರ್ವಜನಿಕವಾಗಿ ಇಟ್ಟಿರುವ ರಸ್ಟ್ ಪ್ರೋಗ್ರಾಂಗಳನ್ನು ಹಳೆಯ ಕಂಪೈಲರಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕಟ್ಟಿ, ಮೊದಲು ನಡೆದು ಈಗ ಮುಗ್ಗರಿಸಿದ್ದು ಯಾವುದೆಂದು ಅದು ಪಟ್ಟಿಮಾಡುತ್ತದೆ. ಅಡಿಗೆಯವನು ಊರಿನ ಪ್ರತಿ ಮನೆಗೂ ಒಂದೊಂದು ಸೌಟು ಸಾರು ಕಳಿಸಿ ರುಚಿ ಕೇಳಿ, ಆಮೇಲೆ ಬಡಿಸಿದ ಹಾಗೆ.

ಇಷ್ಟೆಲ್ಲ ಇದ್ದೂ ಒಮ್ಮೆ ಮಾತು ಸೀಳಿತು. 2024ರ ಜುಲೈ 25ರಂದು 1.80 ಬಂದಾಗ, ಕಾಲಗಣನೆಗೆ ಬಹಳ ಜನ ನೆಚ್ಚಿಕೊಂಡಿದ್ದ 'ಟೈಮ್' ಎಂಬ ಕಟ್ಟಿನ ಹಿಂದಿನ ಪ್ರತಿಗಳು ಹೊಸ ಕಂಪೈಲರಿನಲ್ಲಿ ನಿಂತುಹೋದುವು. ಕಾರಣ ಸ್ವಾರಸ್ಯವಾಗಿದೆ. ಮನೆಯಲ್ಲಿ ರಾಮು ಎಂಬವನು ಒಬ್ಬನೇ ಇರುವಾಗ 'ರಾಮುವನ್ನು ಕರೆ' ಎಂದರೆ ಸಾಕು. ಅದೇ ಹೆಸರಿನ ಅಳಿಯ ಬಂದ ಮೇಲೆ 'ಯಾವ ರಾಮು?' ಎಂಬ ಪ್ರಶ್ನೆ ಏಳುತ್ತದೆ. 1.80ರಲ್ಲಿ ಸೇರಿಸಿದ ಒಂದು ಸಣ್ಣ ಅನುಕೂಲತೆಯಿಂದ, ಅದುವರೆಗೆ ಒಂದೇ ಅರ್ಥವಿದ್ದ ಸಾಲಿಗೆ ಎರಡನೆಯ ಅರ್ಥವೂ ಸಾಧ್ಯವಾಗಿ, ಕಂಪೈಲರು ವಿವರಣೆ ಕೇಳತೊಡಗಿತು. ಟೈಮ್‌ನವರು ಮೊದಲೇ ಎಚ್ಚರಗೊಂಡು ಹೊಸ ಪ್ರತಿಯಲ್ಲಿ ಇದನ್ನು ಸರಿಪಡಿಸಿದ್ದರು ನಿಜ. ಇಂಥ ಅರ್ಥಸಂದಿಗ್ಧಗಳನ್ನು ವಾಗ್ದಾನದಿಂದ ಹೊರಗಿಟ್ಟ ನಿಯಮವೂ ಮುಂಚಿನಿಂದ ಇತ್ತು, ಅದೂ ನಿಜ. ಆದರೆ ಹಳೆಯ ಪ್ರತಿಯನ್ನೇ ಬಿಗಿದು ಕಟ್ಟಿಟ್ಟುಕೊಂಡು, 'ಇಂದು ನಡೆದದ್ದು ನಾಳೆಯೂ ನಡೆಯುತ್ತದೆ' ಎಂಬ ಮಾತನ್ನು ನಂಬಿ ಕುಳಿತಿದ್ದವರು ಗಟ್ಟಿಯಾಗಿಯೇ ಗೊಣಗಿದರು. ಗೊಣಗಿದ್ದು ನ್ಯಾಯವೇ. ಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಷರತ್ತನ್ನು ತೋರಿಸಿ ಕೈತೊಳೆದುಕೊಳ್ಳುವುದು ವಕೀಲರಿಗೆ ಶೋಭಿಸೀತು, ಗೃಹಸ್ಥರಿಗಲ್ಲ.

ಸ್ಥಾಪಕನಾದ ಹೋರ್ ಈ ರೈಲನ್ನು ನಡೆಸಿದವನಲ್ಲ. 2013ರಲ್ಲೇ, ಮೊದಲ ಆವೃತ್ತಿಯ ಮುಖ ಕಾಣುವ ಮುಂಚೆಯೇ, ಆತ ಮುಂದಾಳುತನ ಬಿಟ್ಟ. ಆತ ಒಲಿದು ಇಟ್ಟುಕೊಂಡಿದ್ದ ಅಂಶಗಳಲ್ಲಿ ಹಲವನ್ನು ಆಮೇಲಿನವರು ಕಿತ್ತುಹಾಕಿದರು. ತಾನು ಬಯಸಿದ್ದ ರಸ್ಟ್ ಬೇರೆಯದು, ಅದಕ್ಕೆ ಭವಿಷ್ಯವಿರಲಿಲ್ಲವೆಂದು 2023ರಲ್ಲಿ ಆತನೇ ಸಮಾಧಾನದಿಂದ ಬರೆದ.

ಮನೆ ಕಟ್ಟಿದವನು ಹೊರಟ ಮೇಲೆ ಅನ್ನ ಹಾಕುತ್ತಿದ್ದವರ ಸರದಿ. 2020ರ ಆಗಸ್ಟ್ 11ರಂದು ಮೊಜಿಲ್ಲ ಸಂಸ್ಥೆ ಸುಮಾರು 250 ಜನರನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿತು. ರಸ್ಟ್‌ನ ಕೆಲಸದಲ್ಲಿ ತೊಡಗಿದ್ದ ಹಲವರೂ ಅವರಲ್ಲಿದ್ದರು. ಹೊರಗೆ ಕೋವಿಡ್ ಜಾಡ್ಯ. ಮನೆಮನೆಯೂ ಕದ ಹಾಕಿಕೊಂಡಿದ್ದ ಕಾಲ. ಭಾಷೆಯ ಕಥೆ ಇಲ್ಲಿಗೆ ಮುಗಿಯಿತೆಂದು ಅನೇಕರು ತಲೆಯಲ್ಲಾಡಿಸಿದರು. ಸರದಿಯ ಪ್ರಕಾರ 1.46 ಹೊರಡಬೇಕಾದದ್ದು ಆಗಸ್ಟ್ 27ಕ್ಕೆ. ಮಧ್ಯೆ ಇದ್ದುದು ಹದಿನಾರೇ ದಿನ. ಆಗಸ್ಟ್ 27ರ ಗುರುವಾರ 1.46 ಹೊರಟಿತು. ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಆ ತಿಂಗಳ ಬಾಡಿಗೆಯ ಚಿಂತೆ ಹೇಗಿದ್ದಿತೋ ಪ್ರಕಟನೆಯಲ್ಲಿ ಕಾಣದು. ಎಂದಿನಂತೆ ಕೊನೆಯಲ್ಲಿ ದುಡಿದವರಿಗೆಲ್ಲ ಕೃತಜ್ಞತೆಯ ಸಾಲು ಮಾತ್ರ ಇತ್ತು. ಮರುವರ್ಷದ ಫೆಬ್ರವರಿಯಲ್ಲಿ ರಸ್ಟ್ ಫೌಂಡೇಷನ್ ಎಂಬ ಪ್ರತಿಷ್ಠಾನ ಏರ್ಪಟ್ಟು, ಭಾಷೆಯ ಹೆಸರು ಹಾಗೂ ಗುರುತುಗಳು ಅದರ ವಶಕ್ಕೆ ಬಂದುವು. ಹಿಂದೆ ಅಕ್ಕಪಕ್ಕದ ಅಂಗಡಿಗಳಂತೆ ಸ್ಪರ್ಧಿಸುತ್ತಿದ್ದ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ಮೊದಲಾದವರು ಒಂದೇ ಚಂದಾಪಟ್ಟಿಗೆ ಹೆಸರು ಕೊಟ್ಟರು.

ಒಳಜಗಳವೂ ಇಲ್ಲದಿರಲಿಲ್ಲ. ಒಟ್ಟು ಕುಟುಂಬವೆಂದ ಮೇಲೆ ಅದಿಲ್ಲದೆ ಹೇಗೆ? 2021ರ ನವೆಂಬರ್ 22ರಂದು, ಮಾತುಕತೆಯ ಮರ್ಯಾದೆಯನ್ನು ಕಾಯಲು ನೇಮಕವಾಗಿದ್ದ ತಂಡವೇ ಹಿರಿಯರ ಮಂಡಲಿಯ ಮೇಲೆ ಮುನಿದು ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಡಿಸೆಂಬರ್ 2, ಗುರುವಾರ, 1.57 ಬಂದಿತು. ಮುನಿದವರೂ ಒಲಿದವರೂ ಬೆಳಗ್ಗೆದ್ದು ಅದನ್ನೇ ಇಳಿಸಿಕೊಂಡಿರಬೇಕು.

ಇದರಿಂದ ಜಗತ್ತಿಗೆ ಬಂದದ್ದೇನೆಂದು ಕೇಳುವವರಿಗೆ ಒಂದು ಲೆಕ್ಕವಿದೆ. ಆಂಡ್ರಾಯ್ಡ್ ಫೋನುಗಳ ಭದ್ರತೆಯ ಲೋಪಗಳಲ್ಲಿ ನೆನಪಿನ ಅಚಾತುರ್ಯದ ಪಾಲು 2019ರಲ್ಲಿ ನೂರಕ್ಕೆ 76 ಇದ್ದದ್ದು 2024ರಲ್ಲಿ 24ಕ್ಕೆ ಇಳಿಯಿತೆಂದು ಗೂಗಲ್ ತಿಳಿಸಿತು. ಹಳೆಯದನ್ನೆಲ್ಲ ಕೆಡವಿ ಕಟ್ಟಿದ್ದರಿಂದ ಬಂದ ಫಲವಲ್ಲ ಅದು. ಹೊಸದಾಗಿ ಬರೆಯುವುದನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆದದ್ದರಿಂದ ಬಂದದ್ದು. 2022ರ ಡಿಸೆಂಬರಿನಲ್ಲಿ ಲಿನಕ್ಸ್‌ನ ತಿರುಳಿನೊಳಕ್ಕೂ, ಸಿ ಭಾಷೆಯ ಆ ಗರ್ಭಗುಡಿಗೂ, ರಸ್ಟ್‌ಗೆ ಪ್ರವೇಶ ದೊರೆಯಿತು. ಒಳಗಿನ ಅರ್ಚಕರೆಲ್ಲರಿಗೂ ಅದು ಹಿಡಿಸಲಿಲ್ಲ.

ಉಟ್ರೆಕ್ಟಿನಲ್ಲಿ ಹೊರಟ 1.87ರಲ್ಲಿ ಬೆರಗುಗೊಳಿಸುವಂಥದೇನೂ ಇರಲಿಲ್ಲ. ಒಂದು ಪ್ರೋಗ್ರಾಂ ಆಡಿದ್ದನ್ನು ಇನ್ನೊಂದರ ಕಿವಿಗೆ ಸಾಗಿಸುವ ಕೊಳವೆಯ ಸೌಲಭ್ಯ, ಇನ್ನು ಕೆಲವು ಸಣ್ಣಪುಟ್ಟ ಸಂಗತಿಗಳು. ಹತ್ತು ವರ್ಷದ ಹಬ್ಬವೆಂದು ಹೋಳಿಗೆ ಬಡಿಸದೆ ಎಂದಿನ ಅನ್ನ ಸಾರನ್ನೇ ಬಡಿಸಿದರು. ಜನ ಬಹುಕಾಲದಿಂದ ಕಾದಿದ್ದ ಸೌಲಭ್ಯ ಬೇರೆಯೇ ಇತ್ತು. ಎರಡು ಮೂರು ಷರತ್ತುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿ ಬರೆಯಲು ಅವಕಾಶ ಕೊಡುವ, 'ಲೆಟ್ ಚೈನ್ಸ್' ಎಂದು ಅವರು ಕರೆಯುವ ಸೌಲಭ್ಯ. ಅದಕ್ಕೆ ಅರ್ಜಿ ಬಿದ್ದದ್ದು 2018ರಲ್ಲಿ. 2022ರಲ್ಲಿ ಒಮ್ಮೆ ಗಾಡಿ ಹತ್ತಿಸಿಯೂ ಆಗಿತ್ತು. ಹೊರಡುವ ಮುಂಚೆ ಸಂಶಯ ಬಂದು ಕೆಳಗಿಳಿಸಿದರು. ಅದು ಮತ್ತೆ ಗಂಟುಮೂಟೆಯೊಡನೆ ನಿಲ್ದಾಣದಲ್ಲೇ ಕುಳಿತಿತು. ಉಟ್ರೆಕ್ಟಿನ ಸಭೆ ಮುಗಿದು, ಬಂದವರು ತಂತಮ್ಮ ಊರು ಸೇರಿ ಆರು ವಾರಕ್ಕೆ, 2025ರ ಜೂನ್ 26ರಂದು 1.88 ಹೊರಟಾಗ ಅದಕ್ಕೆ ಜಾಗ ಸಿಕ್ಕಿತು. ಅದೂ 2024ರ ಎಡಿಷನ್ನಿನ ಡಬ್ಬಿಯಲ್ಲಿ ಮಾತ್ರ. ಅಂದು ಗುರುವಾರ.